ಬೇಲಿ ಪಕ್ಕ ನಿಂತು ನಡಿಗೆ ಸ್ಪರ್ಧೆ ನೋಡಲು ಕಲಿತದ್ದು

2023ರ ಆಗಸ್ಟ್‌ನಲ್ಲಿ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ಬುಡಾಪೆಸ್ಟ್‌ನಲ್ಲಿ ನಡೆಯಿತು. ಅಣ್ಣ ಆಗ ಕೆಲಸದ ಮೇಲೆ ಅಲ್ಲೇ ಇದ್ದ. ನಾನೂ ಹೋಗ್ತೀನಿ ಅಂದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ನೀರಜ್ ಚೋಪ್ರಾ ಜಾವೆಲಿನ್ ಫೈನಲ್‌ಗೆ ಟಿಕೆಟ್ ಸಿಕ್ತಾ? ನಾನು ಹೊರಟಿದ್ದು ಅದಕ್ಕಲ್ಲ, ಮಹಿಳೆಯರ 20 ಕಿ.ಮೀ. ನಡಿಗೆ ಸ್ಪರ್ಧೆಗೆ ಅಂದರೆ ಎದುರಿಗಿದ್ದವರು ನಗು ತಡೆದುಕೊಳ್ಳುತ್ತಿದ್ದರು. ನಡೆಯೋದನ್ನ ನೋಡೋಕೆ ಅಷ್ಟು ದೂರ ಹೋಗಬೇಕಾ ಅಂತ.

ನನಗೆ ಕಾರಣ ಇತ್ತು. ಹಿಂದಿನ ವರ್ಷ ಬರ್ಮಿಂಗ್‌ಹ್ಯಾಂ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಪ್ರಿಯಾಂಕಾ ಗೋಸ್ವಾಮಿ 10,000 ಮೀಟರ್ ನಡಿಗೆಯಲ್ಲಿ ಬೆಳ್ಳಿ ಗೆದ್ದಿದ್ದರು. 43 ನಿಮಿಷ 38.83 ಸೆಕೆಂಡ್. ಕಾಮನ್‌ವೆಲ್ತ್ ಕ್ರೀಡಾಕೂಟಗಳ ನಡಿಗೆಯಲ್ಲಿ ಪದಕ ಪಡೆದ ಭಾರತದ ಮೊದಲ ಮಹಿಳೆ ಅವರು. ಟಿವಿ ಮುಂದೆ ಕೂತು ಚಪ್ಪಾಳೆ ಹೊಡೆದೆ ನಿಜ, ಆದರೆ ಅರ್ಥ ಆಗಿದ್ದು ಅರ್ಧ. ಟ್ರ್ಯಾಕ್ ಅಂಚಿನಲ್ಲಿ ನಿಂತವರು ಹಳದಿ ಪ್ಯಾಡಲ್ ಯಾಕೆ ಎತ್ತಿ ತೋರಿಸ್ತಾರೆ? ತೋರಿಸಿದ ಮೇಲೂ ಆ ಹುಡುಗಿ ಯಾಕೆ ಹಾಗೇ ಮುಂದೆ ಹೋಗ್ತಾಳೆ? ಚೆನ್ನಾಗಿ ನಡೆಯುತ್ತಿದ್ದಾಳೆ ಅನ್ನಿಸಿದವಳನ್ನ ಇದ್ದಕ್ಕಿದ್ದಂತೆ ಹೊರಗೆ ಕಳಿಸೋದು ಯಾವ ಲೆಕ್ಕದಲ್ಲಿ? ಕಾಮೆಂಟರಿಯವರು ಇದನ್ನೆಲ್ಲ ಹೇಳುವ ಗೋಜಿಗೇ ಹೋಗಲಿಲ್ಲ. ಹತ್ತಿರದಿಂದ ಒಮ್ಮೆ ನೋಡಬೇಕು ಅಂತ ಅವತ್ತೇ ಅಂದುಕೊಂಡಿದ್ದೆ.

ಸ್ಪರ್ಧೆ ಆಗಸ್ಟ್ 20ರ ಬೆಳಿಗ್ಗೆ 7.15ಕ್ಕೆ. ಅದು ಹಂಗೇರಿಯ ರಾಷ್ಟ್ರೀಯ ಹಬ್ಬದ ದಿನವೂ ಹೌದು. ಹಿಂದಿನ ದಿನ ಗಂಡಸರ 20 ಕಿ.ಮೀ. ನಡಿಗೆಗೆ ಮೊದಲು ಗುಡುಗು ಮಳೆ ಬಂದು, ಸ್ಪರ್ಧೆಯನ್ನ ಎರಡು ಗಂಟೆ ಮುಂದಕ್ಕೆ ಹಾಕಿದ್ದರು. ಹಾಗಾಗಿ ರಾತ್ರಿಯೆಲ್ಲ ಕಿಟಕಿ ಕಡೆಗೇ ಕಣ್ಣು. ಬೆಳಿಗ್ಗೆ ಏಳುವಾಗ ಮಳೆ ಇರಲಿಲ್ಲ. ಅತ್ತಿಗೆಯೂ ಜೊತೆಗೆ ಹೊರಟರು. ಕುತೂಹಲಕ್ಕಲ್ಲ, ನಾನು ದಾರಿ ತಪ್ಪಿಸಿಕೊಂಡರೆ ಅನ್ನೋ ಭಯಕ್ಕೆ. ಹೀರೋಸ್ ಸ್ಕ್ವೇರ್‌ಗೆ ಹೋಗೋದು ಹಳದಿ ಬಣ್ಣದ ಪುಟಾಣಿ ಮೆಟ್ರೋದಲ್ಲಿ. 1896ರಲ್ಲಿ ಶುರುವಾದ ಸುರಂಗ ರೈಲು ಅದು. ಆಂಡ್ರಾಸಿ ರಸ್ತೆಯ ಕೆಳಗೇ ಸಾಗುತ್ತೆ. ನಾಲ್ಕು ಮೆಟ್ಟಿಲು ಹತ್ತಿದರೆ ರಸ್ತೆ. ಮೇಲೆ ಬಂದರೆ ಎದುರಿಗೇ ಎತ್ತರದ ಕಂಬ, ಅದರ ತುದಿಯಲ್ಲಿ ದೇವದೂತ ಗೇಬ್ರಿಯಲ್, ಬುಡದಲ್ಲಿ ಕುದುರೆ ಮೇಲೆ ಕೂತ ಹಳೇ ಮಗ್ಯಾರ್ (ಹಂಗೇರಿಯನ್) ನಾಯಕರು. ಸ್ಪರ್ಧೆಯ ಸುತ್ತು ಇದ್ದದ್ದು ಇಲ್ಲೇ.

ರಸ್ತೆ ನಡಿಗೆಯ ಸುತ್ತು ಒಂದರಿಂದ ಎರಡು ಕಿಲೋಮೀಟರ್ ಒಳಗಿರಬೇಕು ಅನ್ನೋದು ನಿಯಮ. ನೋಡುವವರಿಗೆ ಇದರಷ್ಟು ಅನುಕೂಲ ಇನ್ನೊಂದಿಲ್ಲ. ಮ್ಯಾರಥಾನ್‌ನಲ್ಲಿ ಓಟಗಾರರು ಒಂದು ಸಲ ಸುಂಯ್ ಅಂತ ಹೋದರೆ ಮತ್ತೆ ಸಿಗೋದು ಯಾವಾಗಲೋ. ಇಲ್ಲಿ ಅವರೇ ಮತ್ತೆ ಮತ್ತೆ ಎದುರಿಗೆ ಬರ್ತಾರೆ. ಯಾರ ಮುಖ ಬಾಡಿದೆ, ಯಾರ ಭುಜ ಮೇಲೆ ಬಂದಿದೆ, ಯಾರು ಗುಂಪಿನಿಂದ ಎರಡು ಹೆಜ್ಜೆ ಹಿಂದೆ ಬಿದ್ದರು ಅಂತ ಪ್ರತಿ ಸುತ್ತಿಗೂ ಹೋಲಿಸಿ ನೋಡಬಹುದು.

ಮೊದಲ ಗುಂಪು ಹತ್ತಿರ ಬಂದಾಗ ಅತ್ತಿಗೆ ನಕ್ಕೇಬಿಟ್ಟರು. "ಇದೇನೇ ಇದು, ಸೊಂಟ ಹೀಗೆ ಕುಣೀತಿದೆ!"

"ಅತ್ತಿಗೆ, ಗಡಿಯಾರ ನೋಡಿ," ಅಂದೆ.

ಆವತ್ತಿನ ವಿಜೇತೆ 20 ಕಿಲೋಮೀಟರನ್ನು 1 ಗಂಟೆ 26 ನಿಮಿಷ 51 ಸೆಕೆಂಡ್‌ನಲ್ಲಿ ಮುಗಿಸಿದರು. ಅಂದರೆ ಕಿಲೋಮೀಟರ್‌ಗೆ ಸುಮಾರು 4 ನಿಮಿಷ 20 ಸೆಕೆಂಡ್. ನಾನು ಉಸಿರು ಬಿಗಿಹಿಡಿದು ಓಡಿದರೂ ಒಂದೇ ಒಂದು ಕಿಲೋಮೀಟರ್ ಆ ವೇಗದಲ್ಲಿ ಮುಗಿಯಲ್ಲ. ಇವರು ನಡೆದುಕೊಂಡು, ಬೆನ್ನುಬೆನ್ನಿಗೆ ಇಪ್ಪತ್ತು. ಟಿವಿಯಲ್ಲಿ ಕ್ಯಾಮೆರಾ ಅವರ ಜೊತೆಗೇ ಸಾಗೋದರಿಂದ ಈ ವೇಗ ಕಾಣೋದೇ ಇಲ್ಲ. ಬೇಲಿ ಪಕ್ಕ ನಿಂತರೆ ಕಾಣುತ್ತೆ. ಗಾಳಿ ಮುಖಕ್ಕೆ ತಾಗುತ್ತೆ, ಅಷ್ಟರಲ್ಲಿ ಬೆನ್ನು ಕಾಣ್ತಿರುತ್ತೆ. ಶಬ್ದವೂ ಬೇರೆ. ಓಟದ ಧಪಧಪ ಇಲ್ಲ. ಹೊಲಿಗೆ ಮೆಷಿನ್ ಸೂಜಿಯ ಹಾಗೆ ಸಣ್ಣಗೆ, ಒಂದೇ ಸಮನೆ ಟಕಟಕ.

ನಿಯಮ ಇರೋದು ಎರಡೇ. ಒಂದು, ಬರಿಗಣ್ಣಿಗೆ ಕಾಣುವಂತೆ ಎರಡೂ ಪಾದ ಒಟ್ಟಿಗೆ ನೆಲ ಬಿಡಬಾರದು. ಎರಡು, ಮುಂದಿಟ್ಟ ಕಾಲು ನೆಲ ಮುಟ್ಟಿದ ಕ್ಷಣದಿಂದ ದೇಹದ ಕೆಳಗೆ ನೇರವಾಗಿ ಬರುವ ತನಕ ಮಂಡಿ ಮಡಿಸಬಾರದು. ಈ ಎರಡನೇ ನಿಯಮದಿಂದಲೇ ಆ ಸೊಂಟದ ಕುಣಿತ. ಮಂಡಿ ಮಡಿಸದೆ ಹೆಜ್ಜೆ ಉದ್ದ ಮಾಡಬೇಕು ಅಂದರೆ ಸೊಂಟವನ್ನೇ ಮುಂದಕ್ಕೆ ತಿರುಗಿಸಬೇಕು, ಬೇರೆ ದಾರಿ ಇಲ್ಲ. ಸ್ಪರ್ಧೆ ಮುಗಿದ ಮೇಲೆ ಪಕ್ಕದ ಸಿಟಿ ಪಾರ್ಕ್‌ನಲ್ಲಿ ನಾನೂ ಹಾಗೆ ನಡೆಯೋಕೆ ನೋಡಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮೊಣಕಾಲ ಕೆಳಗೆ, ಮುಂಭಾಗದ ಸ್ನಾಯು ಉರಿಯತೊಡಗಿತು. ಅಲ್ಲೊಂದು ಸ್ನಾಯು ಇದೆ ಅಂತ ಅಲ್ಲಿಯವರೆಗೆ ನೆನಪೇ ಇರಲಿಲ್ಲ. ಅತ್ತಿಗೆ ವಿಡಿಯೋ ಮಾಡಿದ್ದಾರೆ. ಅದನ್ನ ಯಾರಿಗೂ ತೋರಿಸಲ್ಲ ಅಂತ ಮಾತು ತಗೊಂಡಿದ್ದೀನಿ.

"ಬರಿಗಣ್ಣಿಗೆ" ಅನ್ನೋ ಮಾತಲ್ಲೇ ಈ ಆಟದ ಜೀವ ಇರೋದು. ಹೈಸ್ಪೀಡ್ ಕ್ಯಾಮೆರಾದಲ್ಲಿ ನೋಡಿದರೆ ಮೇಲ್ಮಟ್ಟದ ನಡಿಗೆಗಾರರ ಎರಡೂ ಪಾದ ಚೂರೇ ಚೂರು ಹೊತ್ತು ಗಾಳಿಯಲ್ಲಿ ಇದ್ದೇ ಇರುತ್ತೆ. ನಿಯಮಕ್ಕೆ ಅದು ಲೆಕ್ಕಕ್ಕಿಲ್ಲ. ತೀರ್ಪುಗಾರರ ಕಣ್ಣಿಗೆ ಕಂಡಿತಾ, ಇಲ್ವಾ ಅಷ್ಟೇ. ಕ್ಯಾಮೆರಾ ಇಲ್ಲ, ರಿಪ್ಲೇ ಇಲ್ಲ. ಇದು ಮೋಸಕ್ಕೆ ಬಿಟ್ಟ ಕಿಂಡಿ ಅಂತ ವಾದಿಸುವವರು ಬಹಳ ಜನ. ನನಗೇನೋ ಹಾಗನ್ನಿಸಲಿಲ್ಲ. ತೀರ್ಪುಗಾರರ ಪಕ್ಕದಲ್ಲೇ ನಿಂತು ನೋಡಿದರೆ ಆ ಕೆಲಸ ಎಷ್ಟು ಕಷ್ಟ, ಎಷ್ಟು ಕಟ್ಟುನಿಟ್ಟು ಅಂತ ಗೊತ್ತಾಗುತ್ತೆ.

ಕೆಲವು ಸುತ್ತು ಆದ ಮೇಲೆ ನಾನು ಗೆಲುವಿನ ಗೆರೆಯ ಹತ್ತಿರದ ಗದ್ದಲ ಬಿಟ್ಟು, ತೀರ್ಪುಗಾರರೊಬ್ಬರು ನಿಂತಿದ್ದ ಜಾಗಕ್ಕೆ ಹೋದೆ. ಇಂಥ ಸ್ಪರ್ಧೆಗೆ ಮುಖ್ಯ ತೀರ್ಪುಗಾರರೂ ಸೇರಿ ಸಾಮಾನ್ಯವಾಗಿ ಆರರಿಂದ ಒಂಬತ್ತು ಜನ ಇರ್ತಾರೆ, ಸುತ್ತಿನ ಉದ್ದಕ್ಕೂ ಹಂಚಿಕೊಂಡು. ಇವರು ಮಧ್ಯವಯಸ್ಸಿನ ಹೆಂಗಸು. ಕೈಯಲ್ಲಿ ಹಿಡಿಕೆ ಇರುವ ಎರಡು ದುಂಡನೆ ಹಳದಿ ಪ್ಯಾಡಲ್. ಒಂದರ ಮೇಲೆ ಅಲೆಯಂಥ ಗೆರೆ, ಅದು ನೆಲ ಬಿಟ್ಟಿದ್ದಕ್ಕೆ. ಇನ್ನೊಂದರ ಮೇಲೆ ಬಾಣದ ಮೂತಿಯಂಥ ಗುರುತು, ಅದು ಮಂಡಿ ಮಡಿಸಿದ್ದಕ್ಕೆ. ಗುಂಪು ದೂರದಲ್ಲಿರುವಾಗಲೇ ಅವರು ಅಲ್ಲಾಡದೆ ನಿಲ್ಲುತ್ತಿದ್ದರು. ಕಣ್ಣು ಮಾತ್ರ ಕೆಲಸ ಮಾಡುತ್ತಿತ್ತು. ಮುಖ ನೋಡುತ್ತಿರಲಿಲ್ಲ. ಮಂಡಿ, ಪಾದ, ಮಂಡಿ, ಪಾದ. ಎದುರಿನಿಂದ ಬರುವಾಗ ಮಂಡಿ ನೇರ ಇದೆಯಾ ಅಂತ ಹೇಳೋಕೆ ಆಗಲ್ಲ, ಪಕ್ಕಕ್ಕೆ ಬಂದಾಗಲೇ ಕಾಣೋದು. ಆ ಪಕ್ಕದ ನೋಟ ಸಿಗೋದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅದರಲ್ಲೂ ಹತ್ತು ಜನ ಒಟ್ಟಿಗೆ ಬಂದರೆ ಆಚೆ ಬದಿಯವರು ಈಚೆಯವರ ಮರೆಗೆ. ಒಂದು ಸಲ ಗುಂಪು ದಾಟುತ್ತಿದ್ದಂತೆ ಅವರು ಅರ್ಧ ಹೆಜ್ಜೆ ಮುಂದೆ ಬಂದು, ಮಧ್ಯದಲ್ಲಿದ್ದ ಒಬ್ಬಳಿಗೆ ಅಲೆ ಗುರುತಿನ ಪ್ಯಾಡಲನ್ನು ಕಾಣುವ ಹಾಗೆ ಚಾಚಿದರು. ಆ ಹುಡುಗಿ ತಲೆ ತಿರುಗಿಸಲಿಲ್ಲ. ಆದರೆ ಕೈ ಸ್ವಲ್ಪ ಕೆಳಗಿಳಿಯಿತು. ಭುಜ ಸಡಿಲವಾಯಿತು. ಹೆಜ್ಜೆ ಒಂದಿಷ್ಟು ಗಿಡ್ಡ ಆಯಿತು.

ಅಲ್ಲೇ ನನಗೆ ಮೊದಲ ಗಂಟು ಬಿಚ್ಚಿಕೊಂಡಿದ್ದು. ಕೈ ಮೇಲೆ ಮೇಲೆ ಬೀಸಿದಷ್ಟೂ, ಭುಜ ಎತ್ತಿದಷ್ಟೂ ದೇಹ ಮೇಲಕ್ಕೆ ಏಳುತ್ತೆ, ಪಾದ ನೆಲ ಬಿಡುತ್ತೆ. ಹಾಗಾಗಿ ಯಾರಿಗೆ ಅಪಾಯ ಕಾದಿದೆ ಅಂತ ತಿಳಿಯೋಕೆ ಕಾಲಿಗಿಂತ ಭುಜ ನೋಡೋದು ಸುಲಭ. ನಮ್ಮಂಥ ಪಳಗದ ಕಣ್ಣಿಗಂತೂ ಇದೇ ಒಳ್ಳೇ ಉಪಾಯ.

ಹಳದಿ ಪ್ಯಾಡಲ್ ಬರೀ ಎಚ್ಚರಿಕೆ. ಅದರಿಂದ ಯಾರೂ ಹೊರಗೆ ಹೋಗಲ್ಲ. ಒಬ್ಬ ತೀರ್ಪುಗಾರ ಒಬ್ಬ ಸ್ಪರ್ಧಿಗೆ ಒಂದು ತಪ್ಪಿಗೆ ಒಂದೇ ಸಲ ಅದನ್ನ ತೋರಿಸಬಹುದು. ನಿಜವಾದ ಏಟು ಕೆಂಪು ಕಾರ್ಡ್. ತಪ್ಪು ಖಚಿತವಾಗಿ ಕಂಡರೆ ತೀರ್ಪುಗಾರರು ಕೆಂಪು ಕಾರ್ಡ್ ಬರೆದು ಕಳಿಸ್ತಾರೆ. ಅದನ್ನ ನಡೆಯುತ್ತಿರುವವಳಿಗೆ ತೋರಿಸೋದೇ ಇಲ್ಲ! ಅವಳಿಗೆ ಗೊತ್ತಾಗೋದು ಸುತ್ತಿನ ಪಕ್ಕದಲ್ಲಿರುವ ಬೋರ್ಡ್ ನೋಡಿದಾಗ. ಅಲ್ಲಿ ಅವಳ ನಂಬರಿನ ಮುಂದೆ ಅಲೆಯೋ ಬಾಣವೋ ಕಾಣಿಸಿಕೊಳ್ಳುತ್ತೆ. ಒಬ್ಬ ತೀರ್ಪುಗಾರನಿಂದ ಒಬ್ಬ ಸ್ಪರ್ಧಿಗೆ ಒಂದೇ ಕಾರ್ಡ್. ಹಾಗಾಗಿ ಮೂರು ಕೆಂಪು ಅಂದರೆ ಮೂರು ಬೇರೆ ಬೇರೆ ಜೋಡಿ ಕಣ್ಣು ಅದೇ ಮಾತು ಹೇಳಿದವು ಅಂತ. ಯಾರೋ ಒಬ್ಬರಿಗೆ ಇವಳನ್ನ ಕಂಡರೆ ಆಗಲ್ಲ ಅನ್ನೋ ಮಾತಿಗೆ ಅಲ್ಲಿ ಜಾಗ ಇಲ್ಲ.

ಮೂರನೇ ಕೆಂಪಿಗೆ ಪೆನಾಲ್ಟಿ ಜಾಗ. 20 ಕಿಲೋಮೀಟರ್ ಸ್ಪರ್ಧೆಯಲ್ಲಿ ಎರಡು ನಿಮಿಷ, 35 ಕಿಲೋಮೀಟರ್‌ನಲ್ಲಿ ಮೂರೂವರೆ ನಿಮಿಷ. ನಾಲ್ಕನೆಯದಕ್ಕೆ ಮುಖ್ಯ ತೀರ್ಪುಗಾರರು ಕೆಂಪು ಪ್ಯಾಡಲ್ ಹಿಡಿದು ಬರ್ತಾರೆ, ಆಟ ಮುಗೀತು. ಪೆನಾಲ್ಟಿ ಜಾಗದ ಆ ಎರಡು ನಿಮಿಷ ನೋಡೋದು ನಿಜಕ್ಕೂ ಹಿಂಸೆ. ಬೇಲಿ ಹಾಕಿದ ಸಣ್ಣ ಜಾಗ, ಗಡಿಯಾರ ಹಿಡಿದ ಅಧಿಕಾರಿ. ಒಳಗೆ ಒಬ್ಬ ಹುಡುಗಿ ಸೊಂಟದ ಮೇಲೆ ಕೈ ಇಟ್ಟು, ನೆಲ ನೋಡುತ್ತಾ ಅತ್ತಿತ್ತ ಹೆಜ್ಜೆ ಹಾಕುತ್ತಿದ್ದಳು. ಈಗಷ್ಟೇ ಹಿಂದೆ ಹಾಕಿ ಬಂದವರೆಲ್ಲ ಒಬ್ಬೊಬ್ಬರಾಗಿ ದಾಟಿ ಹೋಗುತ್ತಿದ್ದರು. ಅವಳು ತಲೆ ಎತ್ತಲಿಲ್ಲ. ಬಿಡುಗಡೆ ಸಿಕ್ಕ ಕೂಡಲೇ ಹೊರಗೆ ಬಂದು ಮತ್ತೆ ಅದೇ ಲಯ ಹಿಡಿದಳು. ಇನ್ನೊಂದು ಕಾರ್ಡ್ ಬಂದರೆ ಎಲ್ಲ ಮುಗಿದ ಹಾಗೆ, ಅದನ್ನ ತಲೆಯಲ್ಲಿಟ್ಟುಕೊಂಡು. ಅತ್ತಿಗೆ ಈ ಹೊತ್ತಿಗೆ ನಗೋದು ನಿಲ್ಲಿಸಿ, "ಪಾಪ, ಆ ಮಗು ಮುಗಿಸ್ತಾಳೇನೇ?" ಅಂತ ಕೇಳುವ ಹಂತಕ್ಕೆ ಬಂದಿದ್ದರು.

ಈ ಪೆನಾಲ್ಟಿ ಜಾಗ ಇಲ್ಲದ ಕಾಲದಲ್ಲಿ ಮೂರು ಕೆಂಪು ಅಂದರೆ ನೇರ ಮನೆಗೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾದ ಜೇನ್ ಸ್ಯಾವಿಲ್ ಮೊದಲ ಸ್ಥಾನದಲ್ಲಿ ಬಂದು, ಇನ್ನೇನು ತಮ್ಮ ಊರಿನ ಜನ ತುಂಬಿದ ಸ್ಟೇಡಿಯಂ ಒಳಗೆ ಕಾಲಿಡಬೇಕು, ಅಷ್ಟರಲ್ಲಿ ಕೆಂಪು ಪ್ಯಾಡಲ್ ಎದುರಾಯಿತು. ಅವರಿಗೂ ಮೊದಲು ಮುಂದಿದ್ದವರೂ ಅನರ್ಹರಾಗಿದ್ದರು. ಚಿನ್ನ ಚೀನಾದ ವಾಂಗ್ ಲಿಪಿಂಗ್‌ಗೆ ಹೋಯಿತು. ಆ ಹಳೇ ದೃಶ್ಯವನ್ನ ನಾನು ಎಷ್ಟೋ ಸಲ ನೋಡಿದ್ದೆ. ಆದರೆ ಬೋರ್ಡ್ ಹೇಗೆ ಕೆಲಸ ಮಾಡುತ್ತೆ ಅಂತ ಬುಡಾಪೆಸ್ಟ್‌ನಲ್ಲಿ ಕಂಡ ಮೇಲೆಯೇ ಅದರ ನೋವು ಸರಿಯಾಗಿ ತಟ್ಟಿದ್ದು.

ಇನ್ನು ಮರಿಯಾ ಪೆರೆಜ್. ಸ್ಪೇನ್‌ನವರು. ಅವತ್ತು ಗೆದ್ದದ್ದು ಅವರೇ. ಆಸ್ಟ್ರೇಲಿಯಾದ ಜೆಮೈಮಾ ಮಾಂಟಾಗ್ 1:27:16ರಲ್ಲಿ ಬೆಳ್ಳಿ, ಇಟಲಿಯ ಆಂಟೊನೆಲಾ ಪಾಲ್ಮಿಸಾನೊ 1:27:26ರಲ್ಲಿ ಕಂಚು. ಪಾಲ್ಮಿಸಾನೊ ಟೋಕಿಯೊ ಒಲಿಂಪಿಕ್ಸ್ ಚಾಂಪಿಯನ್. ಅಮ್ಮ ಮಾಡಿಕೊಟ್ಟ ಹೂವನ್ನ ಮುಡಿದು ಸ್ಪರ್ಧೆಗೆ ಇಳಿಯೋದು ಅವರ ರೂಢಿ. ಹಿಂದಿನ ವರ್ಷದ ಚಾಂಪಿಯನ್, ಪೆರುವಿನ ಕಿಂಬರ್ಲಿ ಗಾರ್ಸಿಯಾ ನಾಲ್ಕನೆಯವರಾದರು. ಇದು ಫಲಿತಾಂಶದ ಪಟ್ಟಿ. ನನ್ನನ್ನ ಹಿಡಿದು ನಿಲ್ಲಿಸಿದ್ದು ಪೆರೆಜ್‌ರ ಹಿಂದಿನ ವರ್ಷದ ಕಥೆ. 2022ರಲ್ಲಿ ಅಮೆರಿಕದ ಓರೆಗಾನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ ಅವರು ಅನರ್ಹ, ಮ್ಯೂನಿಕ್‌ನಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲೂ ಅನರ್ಹ. ಒಂದೇ ವರ್ಷದಲ್ಲಿ ಎರಡು ಸಲ ಹೊರಗೆ. ಓಟದಲ್ಲಿ ಸೋತವರಿಗೆ ಇನ್ನೂ ಜೋರಾಗಿ ಓಡು ಅಂತ ಹೇಳಬಹುದು. ಇಲ್ಲಿ ಹಾಗಲ್ಲ. ಜೋರು ಇದೆ, ದಮ್ಮೂ ಇದೆ, ಇಡೋ ಹೆಜ್ಜೆಯನ್ನೇ ಬದಲಾಯಿಸಿಕೋ ಅಂದರೆ? ಚಿಕ್ಕಂದಿನಿಂದ ಮೈಗೆ ಅಂಟಿದ ನಡಿಗೆಯನ್ನ ತಿದ್ದಿಕೊಂಡು, ಅದೇ ವೇಗ ಉಳಿಸಿಕೊಳ್ಳಬೇಕು. 2023ರ ಮೇನಲ್ಲಿ ಚೆಕ್ ಗಣರಾಜ್ಯದ ಪೊಡೆಬ್ರಾಡಿಯಲ್ಲಿ ಅವರು 35 ಕಿ.ಮೀ.ಯಲ್ಲಿ 2:37:15ರ ವಿಶ್ವದಾಖಲೆ ಮಾಡಿದರು. ಆಗಸ್ಟ್‌ನಲ್ಲಿ ನಾನು ನೋಡುವಾಗ ಅವರ ಭುಜದ ಮೇಲೆ ನೀರು ತುಂಬಿದ ಲೋಟ ಇಟ್ಟಿದ್ದರೂ ಚೆಲ್ಲುತ್ತಿರಲಿಲ್ಲವೇನೋ. ಕೊನೆಗೆ 25 ಸೆಕೆಂಡ್ ಅಂತರದಿಂದ ಗೆದ್ದರು.

ಮನೆಗೆ ಬಂದ ಮೇಲೆ ಅಣ್ಣ, "ಸರಿ, ಆಯ್ತಲ್ಲ?" ಅಂದ. ಆಗಿರಲಿಲ್ಲ. ಆಗಸ್ಟ್ 24ಕ್ಕೆ 35 ಕಿಲೋಮೀಟರ್ ಇತ್ತು. ಅದಕ್ಕೆ ಅತ್ತಿಗೆಯೇ ನನಗಿಂತ ಮೊದಲು ಎದ್ದು ತಯಾರಾಗಿದ್ದರು.

35 ಬೇರೆಯೇ ಆಟ. 20ರಲ್ಲಿ ವೇಗ ಜಾಸ್ತಿ, ಹಾಗಾಗಿ ನೆಲ ಬಿಡುವ ಅಪಾಯ ಜಾಸ್ತಿ. ದೂರ ಬೆಳೆದಂತೆ ಸುಸ್ತು ಏರುತ್ತೆ, ಮಂಡಿ ಕೈಕೊಡೋಕೆ ಶುರುವಾಗುತ್ತೆ. ಈ ಸಲ ನಾವು ನಿಂತದ್ದು ನೀರಿನ ಮೇಜುಗಳ ಹತ್ತಿರ. ದೇಶಕ್ಕೊಂದು ಜಾಗ, ಅಲ್ಲಿ ಆ ತಂಡದವರು ತೋಳು ಚಾಚಿ ಬಾಟಲಿ ಹಿಡಿದು ನಿಂತಿರ್ತಾರೆ. ನಡೆಯುವವರು ವೇಗ ಇಳಿಸದೆ ಕಸಿದುಕೊಂಡು ಹೋಗಬೇಕು. ಒದ್ದೆ ಸ್ಪಂಜು ಕತ್ತಿಗೆ, ಐಸ್ ಟೋಪಿಯೊಳಗೆ. ಬಾಟಲಿ ಕೈತಪ್ಪಿದರೆ ಬಗ್ಗಿ ಎತ್ತಿಕೊಳ್ಳುವ ಹಾಗಿಲ್ಲ, ಲಯ ಕೆಡುತ್ತೆ. ಮುಂದಿನ ಸುತ್ತಿಗೆ ಕಾಯಬೇಕು. ಬಿಸಿಲು ಏರಿದಂತೆ ಮೇಜಿನ ಹಿಂದಿನವರ ಗಂಟಲೂ ಏರಿತು. ಸ್ಪ್ಯಾನಿಷ್, ಇಟಾಲಿಯನ್, ಚೀನೀ, ಏನೂ ಅರ್ಥವಾಗದಿದ್ದರೂ ಅವರು ಕೂಗುತ್ತಿದ್ದದ್ದು ಕಾರ್ಡ್ ಎಷ್ಟು, ಮುಂದಿರುವವರು ಎಷ್ಟು ದೂರ ಅನ್ನೋದನ್ನೇ ಅಂತ ಬೆರಳುಗಳಿಂದ ಗೊತ್ತಾಗುತ್ತಿತ್ತು.

ಪೆರೆಜ್ ಇದನ್ನೂ ಗೆದ್ದರು, 2:38:40. ಗಾರ್ಸಿಯಾ 2:40:52ಕ್ಕೆ ಎರಡನೆಯವರು. ಗ್ರೀಸ್‌ನ ಆಂಟಿಗೋನಿ ಡ್ರಿಸ್ಬಿಯೋಟಿ ಮೂರನೆಯವರು. ಗಂಡಸರ ಎರಡೂ ಚಿನ್ನ ಸ್ಪೇನ್‌ನ ಅಲ್ವಾರೊ ಮಾರ್ಟಿನ್‌ಗೆ ಹೋಗಿದ್ದರಿಂದ ಆ ಕೂಟದ ನಾಲ್ಕೂ ನಡಿಗೆ ಚಿನ್ನ ಒಂದೇ ದೇಶದ್ದಾಯಿತು. ಬೇಲಿ ಪಕ್ಕ ಕೆಂಪು ಹಳದಿ ಬಾವುಟದವರ ಸಡಗರ ಕೇಳಬೇಡಿ.

ಒಂದು ವಿಷಯ ಮಾತ್ರ ನನಗೆ ಇವತ್ತಿಗೂ ಜೀರ್ಣ ಆಗಿಲ್ಲ. ಒಲಿಂಪಿಕ್ಸ್‌ನಲ್ಲಿ ಗಂಡಸರ ನಡಿಗೆ 1908ರಲ್ಲೇ ಇತ್ತು. ಹೆಂಗಸರಿಗೆ ಅವಕಾಶ ಸಿಕ್ಕಿದ್ದು 1992ರಲ್ಲಿ, ಅದೂ 10 ಕಿಲೋಮೀಟರ್. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರ 50 ಕಿಲೋಮೀಟರ್ ಶುರುವಾಗಿದ್ದು 2017ರಲ್ಲಿ, ಲಂಡನ್‌ನಲ್ಲಿ. ಗೆರೆಯ ಮೇಲೆ ನಿಂತವರು ಏಳೇ ಜನ. ಪೋರ್ಚುಗಲ್‌ನ ಇನೆಸ್ ಹೆನ್ರಿಕ್ಸ್ 4:05:56ರ ವಿಶ್ವದಾಖಲೆಯೊಂದಿಗೆ ಗೆದ್ದರು. 2019ರಲ್ಲಿ ದೋಹಾದ ಸೆಕೆ ತಪ್ಪಿಸೋಕೆ ನಡುರಾತ್ರಿ ನಡೆಸಿದರು, ಅಷ್ಟಕ್ಕೇ ಆ ಸ್ಪರ್ಧೆ ಮುಗಿದೇಹೋಯಿತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 50 ಇದ್ದದ್ದು ಗಂಡಸರಿಗೆ ಮಾತ್ರ. ಆಮೇಲೆ 35 ಬಂತು. 2026ರಿಂದ ಅದೂ ಹೋಗಿ ಹಾಫ್ ಮ್ಯಾರಥಾನ್, ಮ್ಯಾರಥಾನ್ ದೂರಗಳು. ಈಗ ಗಂಡಸರಿಗೂ ಹೆಂಗಸರಿಗೂ ಒಂದೇ ದೂರ ಅನ್ನೋದು ಒಳ್ಳೇದೇ. ಆದರೆ ಹೀಗೆ ದೂರ ಬದಲಾಯಿಸುತ್ತಾ ಹೋದರೆ ದಾಖಲೆಗಳಿಗೆ ಏನು ಅರ್ಥ, ಅಲ್ವಾ? ಹೆನ್ರಿಕ್ಸ್‌ರಂಥವರು ವರ್ಷಗಟ್ಟಲೆ ಬೇಡಿ ಪಡೆದ ಸ್ಪರ್ಧೆ ಅದು.

ನೋಡಬೇಕು ಅನ್ನೋರಿಗೆ ನಾನು ಹೇಳೋದು ಇಷ್ಟು. ಗೆಲುವಿನ ಗೆರೆ ಹತ್ತಿರ ಜಾಗ ಹಿಡಿಯೋಕೆ ಒದ್ದಾಡಬೇಡಿ. ಬೋರ್ಡ್ ಕಾಣುವ ಕಡೆ, ತೀರ್ಪುಗಾರರೊಬ್ಬರು ಹತ್ತಿರ ಇರುವ ಕಡೆ ನಿಲ್ಲಿ. ಅರ್ಧ ದೂರ ಆದ ಮೇಲೆ ಮುಂದಿನ ಐದು ಜನರ ಕಾರ್ಡ್ ಎಷ್ಟಿದೆ ಅಂತ ನೋಡಿಕೊಳ್ಳಿ. ಎರಡು ಕಾರ್ಡ್ ಇರುವವರು ಜೋರು ಮಾಡೋಕೆ ಹೆದರ್ತಾರೆ, ಒಂದೂ ಇಲ್ಲದವರು ಆಗ ಮುನ್ನುಗ್ಗುತ್ತಾರೆ. ಅಲ್ಲಿಂದ ಮುಂದಿನ ಸ್ಪರ್ಧೆಯೇ ಬೇರೆ.

ಟಿವಿಯವರು ಈ ಬೋರ್ಡನ್ನ ಸರಿಯಾಗಿ ತೋರಿಸೋದೇ ಇಲ್ಲ. ಬರೀ ಮುಂದಿರುವವರ ಮುಖ, ಮಧ್ಯೆ ಮಧ್ಯೆ ಊರಿನ ಕಟ್ಟಡಗಳು. 2025ರ ಸೆಪ್ಟೆಂಬರ್‌ನಲ್ಲಿ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್ ಬಂದಾಗ ಬೆಳಗಿನ ಜಾವ ಎದ್ದು ಕೂತೆ. ದೊಡ್ಡ ಪರದೆಯಲ್ಲಿ ಸ್ಪರ್ಧೆ, ಫೋನಿನಲ್ಲಿ ಕಾರ್ಡ್‌ಗಳ ಲೆಕ್ಕ. ಪೆರೆಜ್ ಮತ್ತೆ ಎರಡನ್ನೂ ಗೆದ್ದರು. 35 ಕಿಲೋಮೀಟರ್‌ನಲ್ಲಿ ಪಾಲ್ಮಿಸಾನೊ ಎರಡನೆಯವರಾದರು. ಅತ್ತಿಗೆಯ ಮೆಸೇಜ್ ಮಧ್ಯದಲ್ಲೇ ಬಂತು: "ಮೂರನೇ ಜಾಗದಲ್ಲಿ ಇರೋಳಿಗೆ ಎಷ್ಟು ಕೆಂಪು ಬಿದ್ದಿದೆ, ಬೇಗ ನೋಡಿ ಹೇಳು."